ಗಿಟಾರ್ ಸೆಟ್ಟಿನ ಕರಕರ

ಪೂರಾ ಸತ್ತುಹೋದ ಸೆಟ್ಟನ್ನು ಯಾರಾದರೂ ಹೊತ್ತು ತಂದರೆ ನನಗೆ ಖುಷಿಯಾಗುತ್ತದೆ. ಸತ್ತದ್ದು ಸುಳ್ಳು ಹೇಳುವುದಿಲ್ಲ. ಕರೆಂಟು ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂದು ಮೀಟರು ಹಿಡಿದು ಒಂದು ಕಡೆಯಿಂದ ನೋಡುತ್ತ ಹೋದರೆ ಮಧ್ಯಾಹ್ನದ ಊಟದೊಳಗೆ ಸಿಕ್ಕಿಬೀಳುತ್ತದೆ. ನನ್ನ ತಲೆ ತಿನ್ನುವುದು ಒಮ್ಮೊಮ್ಮೆ ಮಾತ್ರ ಕೆಡುವ ಸೆಟ್ಟು. ಗಿರಾಕಿಯ ಮನೆಯಲ್ಲಿ ಕರಕರ ಅನ್ನುತ್ತದೆ. ನನ್ನ ಟೇಬಲ್ಲಿನ ಮೇಲೆ ಇಟ್ಟ ಕೂಡಲೇ ಹಾಲು ಕುಡಿದ ಕೂಸಿನ ಹಾಗೆ ಸುಮ್ಮನಾಗುತ್ತದೆ. ಅದರ ಮುಂದೆ ಕಿವಿಗೊಟ್ಟು ಕೂತ ನಾನು ಹುಚ್ಚನಂತೆ ಕಾಣುತ್ತೇನೆ.

ನನ್ನ ಅಂಗಡಿ ಬೆಟಗೇರಿಯಲ್ಲಿದೆ. ಅಪ್ಪನ ಕಾಲಕ್ಕೆ ಅದು ರೇಡಿಯೋ ರಿಪೇರಿ ಅಂಗಡಿ. ಈಗ ಭಜನೆ ಮಂಡಳಿಯ ಮೈಕು, ಗುಡಿಯ ಹಾರ್ನು, ಲಗ್ನದ ಮನೆಯ ಬಾಕ್ಸು, ಏನು ಬಂದರೂ ಒಲ್ಲೆ ಅನ್ನುವುದಿಲ್ಲ. ಆಂಪ್ಲಿಫೈಯರ್ ಎಂದು ಇಲ್ಲಿ ಯಾರೂ ಬಾಯಿ ನೋಯಿಸಿಕೊಳ್ಳುವುದಿಲ್ಲ, ಎಲ್ಲದಕ್ಕೂ ಸೆಟ್ಟು ಅಂತಲೇ ಹೆಸರು. ಹಳೆಯ ವಾಲ್ವ್ ಸೆಟ್ಟು, ಅಂದರೆ ಒಳಗಿನ ಗಾಜಿನ ಬುರುಡೆಗಳು ಕೆಂಪಗೆ ಕಾದ ಮೇಲೆ ಮಾತಾಡುವಂಥದ್ದು, ಅದಕ್ಕೆ ಕೈಹಾಕುವವರು ಈ ಸುತ್ತಿನಲ್ಲಿ ಬೇರೆ ಯಾರೂ ಉಳಿದಿಲ್ಲ. ಆ ಜಂಬ ನನಗೆ ಸ್ವಲ್ಪ ಇತ್ತು. ಸ್ವಲ್ಪವೇನು, ಚೆನ್ನಾಗಿಯೇ ಇತ್ತು. ಬಂದವರಿಗೆ ಕುರ್ಚಿ ತೋರಿಸುವ ಮೊದಲು ಬೈಗುಳ ಕೊಡುತ್ತಿದ್ದೆ. ಮೇಲೆ ಚಹದ ಕಪ್ಪು ಇಟ್ಟಿದ್ದೀರಿ, ಹಸಿ ನೆಲದ ಮೇಲೆ ಇಟ್ಟಿದ್ದೀರಿ, ಮಳೆಯಲ್ಲಿ ತಂದಿದ್ದೀರಿ. "ನೀರಂದ್ರ ಇದಕ್ಕ ವಿಷಾ ಇದ್ದಂಗರಿ" ಎಂಬುದು ನನ್ನ ಖಾಯಂ ಮಾತು. ಬಂದವರು ತಲೆ ತಗ್ಗಿಸಿ ಹೌದ್ರಿ ಅನ್ನುತ್ತಿದ್ದರು, ನನಗೆ ಅದು ಹಿತವಾಗಿತ್ತು.

ಶಿರಹಟ್ಟಿಯ ಮಾಸ್ತರು ಆ ಗಿಟಾರ್ ಸೆಟ್ಟನ್ನು ಮೊದಲ ಸಲ ತಂದದ್ದು ದಸರೆಗೆ ಮುಂಚೆ. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಹರೆಯದಲ್ಲಿ ಲಗ್ನಗಳಲ್ಲಿ ಹಾಡುವ ಆರ್ಕೆಸ್ಟ್ರಾದಲ್ಲಿ ಗಿಟಾರು ಬಾರಿಸುತ್ತಿದ್ದರಂತೆ. ಆರ್ಕೆಸ್ಟ್ರಾ ಮುಚ್ಚಿದಾಗ ಅದರ ಸೆಟ್ಟನ್ನು ಮನೆಗೆ ತಂದಿದ್ದರು. ಈಗ ರವಿವಾರ ತಮ್ಮ ಚರ್ಚಿನ ಪ್ರಾರ್ಥನೆಯಲ್ಲಿ ಬಾರಿಸುತ್ತಾರೆ. ಅವರ ಹೆಂಡತಿಯೂ ಜೊತೆಗೆ ಬಂದಿದ್ದರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಊರೆಲ್ಲ ಅವರನ್ನು ಸಿಸ್ಟರ್ ಅಂತಲೇ ಕರೆಯುತ್ತದೆ. ಸಣ್ಣ ದನಿ, ಚೊಕ್ಕ ಸೀರೆ. ಮಾಸ್ತರು ಬಾರಿಸುತ್ತ ಹಾಡಲು ತೊಡಗಿದಾಗ ಸೆಟ್ಟಿನ ದನಿ ತಗ್ಗಿಸುವುದು, ಹಾಡು ನಿಂತಾಗ ಏರಿಸುವುದು ಸಿಸ್ಟರ್ ಕೆಲಸ. ಪ್ರಾರ್ಥನೆಯಲ್ಲಿ ಸೆಟ್ಟಿನ ಮಗ್ಗುಲಿಗೆ ಒಂದು ಸ್ಟೂಲು ಅವರದೇ.

"ಕಂಟ್ರೋಲ್ ಅಕಿ ಕೈಯಾಗ ಇರತಾವ್ರಿ, ಮನ್ಯಾಗ ಇದ್ದಂಗ" ಎಂದು ಮಾಸ್ತರು ನಕ್ಕರು. ಸಿಸ್ಟರ್ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಾವೂ ನಕ್ಕರು.

ಒಳ್ಳೆಯ ಸೆಟ್ಟು. ಕಟ್ಟಿಗೆಯ ಪೆಟ್ಟಿಗೆ, ಕರಿ ರೆಕ್ಸಿನ್ನು. ಬೇರೆ ಸೆಟ್ಟುಗಳಲ್ಲಿ ಎದುರಿಗಿರುವ ಕಂಟ್ರೋಲುಗಳು ಇದರಲ್ಲಿ ಎದುರಿಗೆ ಇರಲಿಲ್ಲ; ಪೆಟ್ಟಿಗೆಯ ನೆತ್ತಿಯ ಮೇಲೆ ಒಂದು ತಗಡಿನ ಪಟ್ಟಿ, ಅದರಲ್ಲಿ ಸಾಲಾಗಿ ತಿರುಗಿಸುವ ಬಟನ್ನುಗಳು, ಗಿಟಾರಿನ ವಾಯರು ಚುಚ್ಚುವ ತೂತು. ಒಳಗೆ ಗುಂಯ್ ಎನ್ನುತ್ತಿತ್ತು. ಕಂಡೆನ್ಸರುಗಳು ಮುದಿಯಾಗಿದ್ದವು, ಬದಲಿಸಿದೆ, ಗುಂಯ್ ನಿಂತಿತು. ಅಷ್ಟರಲ್ಲಿ ಹಬ್ಬ ಬಂತು.

ಮಹಾನವಮಿಯ ದಿನ ನಮ್ಮಲ್ಲಿ ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ಒಕ್ಕಲುತನದವರು ಕುಡುಗೋಲು ಕುಂಟೆಗೆ ಮಾಡುತ್ತಾರೆ, ಪಕ್ಕದ ಓಣಿಯ ನೇಕಾರರು ಮಗ್ಗಕ್ಕೆ, ನಾನು ಮೀಟರು, ಸ್ಕ್ರೂಡ್ರೈವರು, ಬೆಸುಗೆ ಕಡ್ಡಿಗೆ. ಅಪ್ಪ ಹಾಕಿಕೊಟ್ಟ ಪದ್ಧತಿ ಇನ್ನೂ ಒಂದಿದೆ. ಆ ದಿನ ಅಂಗಡಿಯಲ್ಲಿ ಏನೇನು ಇದೆಯೋ ಎಲ್ಲಕ್ಕೂ ಪೂಜೆಯಾಗಬೇಕು, ಗಿರಾಕಿಗಳ ಸೆಟ್ಟುಗಳಿಗೂ. ನಮ್ಮ ಕೈಯಲ್ಲಿ ಗುಣವಾಗಲೆಂದು ಬಂದವು, ಅವನ್ನು ಉಪವಾಸ ಬಿಡಬಾರದು ಅನ್ನುತ್ತಿದ್ದ ಅಪ್ಪ. ವಿಭೂತಿ ಗಟ್ಟಿಯನ್ನು ಬಟ್ಟಲಿನ ನೀರಿನಲ್ಲಿ ಕಲಸಿ, ಒಂದೊಂದು ಸೆಟ್ಟಿನ ನೆತ್ತಿಗೂ ಮೂರು ಬೆರಳಿನಿಂದ ಎಳೆದು, ನಡುವೆ ಹೆಬ್ಬೆರಳಿನಿಂದ ಕುಂಕುಮ ಒತ್ತಿ, ಮೇಲೊಂದು ಚೆಂಡುಹೂವು ಇಡುತ್ತೇನೆ. ಇದರಲ್ಲಿ ನಾನು ಜಿಪುಣನಲ್ಲ. ವಿಭೂತಿ ಗಟ್ಟಿಯಾಗಿ ಎದ್ದು ಕಾಣಬೇಕು, ಇಲ್ಲದಿದ್ದರೆ ಹಬ್ಬ ಅನ್ನಿಸುವುದಿಲ್ಲ.

ಹಬ್ಬ ಮುಗಿದ ಮೇಲೆ ಮಾಸ್ತರು ಒಂದು ಸಂಜೆ ಅವಸರದಲ್ಲಿ ಬಂದರು. ಧೂಳು ಕೂರದಿರಲೆಂದು ಸೆಟ್ಟಿಗೆ ಹಳೆಯ ಚಾದರ ಸುತ್ತಿಟ್ಟಿದ್ದೆ, ಹಾಗೆಯೇ ಎತ್ತಿ ಆಟೋದಲ್ಲಿಟ್ಟೆ.

ಚಳಿ ಶುರುವಾದಾಗ ಫೋನು ಬಂತು. ಸೆಟ್ಟು ಕರಕರ ಅನ್ನುತ್ತದೆ, ಪ್ರಾರ್ಥನೆಯ ನಡುವೆ ಹಂಚಿನ ಮೇಲೆ ಸಾಸಿವೆ ಸಿಡಿದ ಹಾಗೆ. ತರಿಸಿಕೊಂಡೆ. ಅಂಗಡಿಯಲ್ಲಿ ಇಡೀ ಮಧ್ಯಾಹ್ನ ಹಚ್ಚಿಟ್ಟರೂ ಕಮಕ್ ಕಿಮಕ್ ಅನ್ನಲಿಲ್ಲ. ನೇಕಾರರ ಮಗ್ಗದ ಸದ್ದು ನಿಲ್ಲುವ ಊಟದ ಹೊತ್ತಿಗೆ ಕಾದು, ಕಿವಿಯನ್ನು ಸ್ಪೀಕರಿಗೆ ಹಚ್ಚಿ ಕೇಳಿದೆ. ಏನೂ ಇಲ್ಲ. ವಾಲ್ವುಗಳನ್ನು ಕಿತ್ತು ಅವುಗಳ ತಂತಿಕಾಲುಗಳನ್ನು ಕೆರೆದು ಮತ್ತೆ ಕೂರಿಸಿ ಕಳಿಸಿದೆ. ರವಿವಾರ ಮತ್ತೆ ಕರಕರ. ಮತ್ತೆ ತರಿಸಿದೆ, ಇದ್ದಬದ್ದ ಬೆಸುಗೆಯನ್ನೆಲ್ಲ ಹೊಸದಾಗಿ ಹಾಕಿದೆ, ಹುಬ್ಬಳ್ಳಿಯಿಂದ ಬೇರೆ ವಾಲ್ವು ತರಿಸಿ ಹಾಕಿದೆ. ಅಂಗಡಿಯಲ್ಲಿ ಚೊಕ್ಕ ಚಿನ್ನ. ಚರ್ಚಿನಲ್ಲಿ ಸಾಸಿವೆ.

ನಾನು ಸಿಟ್ಟಿನ ಮನುಷ್ಯ, ಒಪ್ಪುತ್ತೇನೆ. ಆದರೆ ಯಂತ್ರದ ಮೇಲೆ ಬಂದ ಸಿಟ್ಟನ್ನು ಯಂತ್ರದ ಮೇಲೆ ತೀರಿಸಿಕೊಳ್ಳಲಾಗುವುದಿಲ್ಲ, ಅದಕ್ಕೆ ಮನುಷ್ಯರೇ ಬೇಕು. ಸೆಟ್ಟು ನನ್ನ ಕೈಯಲ್ಲಿ ಸರಿ ಇರುತ್ತದೆ, ಅವರ ಕೈಯಲ್ಲಿ ಕೆಡುತ್ತದೆ. ಹಾಗಾದರೆ ತಪ್ಪು ಅವರ ಮನೆಯಲ್ಲಿದೆ ಎಂದು ಲೆಕ್ಕ ಹಾಕಿದೆ. ಹಾಗೆ ಅಂದುಕೊಂಡೇ ಚೀಲ ಹೆಗಲಿಗೆ ಹಾಕಿ ಶಿರಹಟ್ಟಿ ಬಸ್ಸು ಹತ್ತಿದೆ.

ಅವರ ಮನೆಯ ಪಡಸಾಲೆ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಕಿಟಕಿಯ ಸರಳುಗಳಲ್ಲೂ ಧೂಳಿಲ್ಲ. ಸಿಸ್ಟರ್ ಒಗ್ಗರಣೆ ಚುರಮರಿ ತಂದಿಟ್ಟರು, ಚಹ ಸೋಸಿದರು. ಆ ಸ್ವಚ್ಛತೆ ಕಂಡೇ ನನಗೆ ಕಳ್ಳ ಸಿಕ್ಕ ಹಾಗಾಯಿತು.

"ಸಿಸ್ಟರ, ಖರೆ ಹೇಳ್ರಿ. ಇದನ್ನ ಹಸಿ ಅರಿವೀಲೆ ಒರಸೀರೇನು?"

ಅವರು ಚಹದ ಬಟ್ಟಲು ಕೆಳಗಿಟ್ಟರು. ಗಂಡನ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ಒಮ್ಮೆ ಒರಸೇನ್ರಿ. ಛಲೋತಂಗ ಹಿಂಡಿ ಒರಸಿದ್ದೆ."

"ಯಾಕ?" ಎಂದರು ಮಾಸ್ತರು.

"ಧೂಳ ಕುಂತಿತ್ತು."

ನಾನು ಗೆದ್ದೆ. ಗೆದ್ದವನು ಸುಮ್ಮನಿರಬೇಕಿತ್ತು, ಇರಲಿಲ್ಲ. ಬಾಯಿಗೆ ಬಂದ ವೇದಾಂತವನ್ನೆಲ್ಲ ಹೇಳಿದೆ. ಇದು ಆಸ್ಪತ್ರೆಯ ಟೇಬಲ್ಲಲ್ಲ, ಒಳಗೆ ಮನುಷ್ಯನನ್ನು ಕೊಲ್ಲುವಷ್ಟು ಕರೆಂಟು ಇರುತ್ತದೆ, ಮೇಲಿಂದ ಒಂದು ಹನಿ ಬಟನ್ನಿನ ಸಂದಿಯಲ್ಲಿ ಇಳಿದರೆ ಕಥೆ ಮುಗಿಯಿತು. ನೀರಂದ್ರ ವಿಷಾ, ಎಂದು ನನ್ನ ಖಾಯಂ ಮಾತನ್ನೂ ಸೇರಿಸಿದೆ. ಚುರಮರಿ ತಿನ್ನುತ್ತಲೇ ಹೇಳಿದೆ, ಅವರು ಮಾಡಿದ ಚುರಮರಿ.

"ಮನೀನ ಆಸ್ಪತ್ರಿ ಮಾಡಬ್ಯಾಡ ಅಂತ ಎಷ್ಟ ಸಲ ಹೇಳೇನಿ ನಿನಗ" ಎಂದು ಮಾಸ್ತರು ದನಿ ಏರಿಸಿದರು. "ಇನ್ನ ಮ್ಯಾಲೆ ಸೆಟ್ಟಿನ ಹತ್ರ ಬರಬ್ಯಾಡ. ಚರ್ಚಿನಾಗೂ ಅಷ್ಟ. ಹಿಂದ ಹೋಗಿ ಕುಂಡ್ರು."

ಸಿಸ್ಟರ್ ಆಯಿತು ಎಂದಷ್ಟೇ ಅಂದು ಖಾಲಿ ಬಟ್ಟಲುಗಳನ್ನು ತೆಗೆದುಕೊಂಡು ಒಳಗೆ ಹೋದರು. ನಾನು ಸೆಟ್ಟು ಹೊತ್ತು ಬೆಟಗೇರಿಗೆ ಬಂದೆ. ದಾರಿಯುದ್ದಕ್ಕೂ ಮನಸ್ಸು ಹಗುರವಾಗಿತ್ತು.

ಮರುದಿನ ಮೇಲಿನ ತಗಡಿನ ಪಟ್ಟಿಯನ್ನೇ ಬಿಚ್ಚಿ, ಕಂಟ್ರೋಲುಗಳ ಡಬ್ಬಿ ಒಂದೊಂದಾಗಿ ತೆರೆದೆ. ಒಳಗೆ ಬಿಳಿ ಪೊರೆ ಕಟ್ಟಿತ್ತು. ನೋಡಿದೆಯಾ, ಕೊಳವೆಬಾವಿ ನೀರಿನ ಉಪ್ಪು, ಎಂದುಕೊಂಡೆ. ನಮ್ಮ ಕಡೆಯ ನೀರಿಗೆ ಉಪ್ಪು ಜಾಸ್ತಿ, ಪಾತ್ರೆಯ ತಳದಲ್ಲೂ ಹೀಗೇ ಕಟ್ಟುತ್ತದೆ. ಚಳಿಗಾಲದ ಮುಂಜಾನೆ ಆ ಉಪ್ಪು ತೇವ ಹೀರಿ ಕರಕರ ಅನ್ನುತ್ತದೆ, ಅದಕ್ಕೇ ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ. ನನ್ನ ತಗಡಿನ ಮಾಡಿನ ಕೆಳಗೆ ಮಧ್ಯಾಹ್ನದ ಬಿಸಿಗೆ ಒಣಗಿ ಸುಮ್ಮನಾಗುತ್ತದೆ. ಎಲ್ಲ ತಾಳೆಯಾಯಿತು. ಸಿಸ್ಟರಿಗೆ ತೋರಿಸಲು ಫೋನಿನಲ್ಲಿ ಫೋಟೋ ಕೂಡ ಹೊಡೆದುಕೊಂಡೆ.

ಆಮೇಲೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಆಡಿಸಿ ಹೊರಗೆ ತೆಗೆದೆ. ಹತ್ತಿ ಕೆಂಪಗಾಗಿತ್ತು.

ತುಕ್ಕು ಇರಬೇಕೆಂದು ಇನ್ನೊಂದು ಹತ್ತಿ ಹಾಕಿದೆ. ತುಕ್ಕಿನ ಬಣ್ಣವಲ್ಲ ಅದು. ಬೆರಳಿನಲ್ಲಿ ತಿಕ್ಕಿದೆ, ಮೂಗಿನ ಹತ್ತಿರ ಹಿಡಿದೆ. ಬಿಳಿಯದನ್ನು ಉಗುರಿನಿಂದ ಕೆರೆದೆ, ನುಣ್ಣಗೆ ಪುಡಿಯಾಯಿತು. ಉಪ್ಪು ಹಾಗೆ ಪುಡಿಯಾಗುವುದಿಲ್ಲ. ದಿನಾ ಬೆಳಗ್ಗೆ ಹಣೆಗೆ ಹಚ್ಚಿಕೊಳ್ಳುವವನಿಗೆ ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ಶಿರಹಟ್ಟಿಯ ಆ ಮನೆಯಲ್ಲಿ ವಿಭೂತಿ ಇಲ್ಲ, ಕುಂಕುಮವೂ ಇಲ್ಲ. ನನ್ನ ಅಂಗಡಿಯಲ್ಲಿ ಇದೆ. ಬಟ್ಟಲು ನೀರಿನಲ್ಲಿ ಕಲಸಿ, ಎದ್ದು ಕಾಣುವಂತೆ, ಬಟನ್ನುಗಳ ಸಾಲಿನ ಮೇಲೆಯೇ ಎಳೆದಿದ್ದೆ. ಹನಿ ನೀರೂ ವಿಷ ಎಂದು ಊರಿಗೆಲ್ಲ ಹೇಳುವ ನಾನು, ವರ್ಷ ವರ್ಷ ನನ್ನ ಕೈಯಿಂದಲೇ ಸೆಟ್ಟುಗಳ ನೆತ್ತಿಗೆ ನೀರು ಸುರಿಯುತ್ತ ಬಂದಿದ್ದೆ. ಬೇರೆ ಸೆಟ್ಟುಗಳಿಗೆ ಕಂಟ್ರೋಲು ಎದುರಿಗಿದ್ದದ್ದರಿಂದ ಬಚಾವಾಗಿದ್ದೆ, ಅಷ್ಟೇ.

ಬಾಗಿಲು ಅರ್ಧ ಮುಚ್ಚಿ ಕುಳಿತೆ. ಯಾರಾದರೂ ಬಂದು ಮುಖ ನೋಡಿಯಾರು ಎಂದು ನಾಚಿಕೆಯಾಯಿತು. ಆ ಹೆಂಗಸು ನನ್ನ ಎದುರಿಗೆ ಚಹದ ಬಟ್ಟಲು ಹಿಡಿದು ನಿಂತದ್ದು, ಹಿಂದೆ ಹೋಗಿ ಕುಂಡ್ರು ಎಂದಾಗ ಆಯಿತು ಎಂದದ್ದು ಕಣ್ಣ ಮುಂದೆ ಬಂತು. ಫೋಟೋ ಅಳಿಸಿದೆ. ಹತ್ತಿಯನ್ನು ಒಲೆಗೆ ಹಾಕಲೆಂದು ಕಾಗದದಲ್ಲಿ ಸುತ್ತಿ ಇಟ್ಟೆ. ಸಾಕ್ಷಿ ಮುಚ್ಚುವ ಬುದ್ಧಿ ಎಷ್ಟು ಜಲ್ದಿ ಬರುತ್ತದೆ ನೋಡಿ, ಯಾರೂ ಕಲಿಸಬೇಕಾಗಿಲ್ಲ. ಕಂಟ್ರೋಲುಗಳನ್ನು ತೊಳೆದು ಒಣಗಿಸಿ ಹಾಕಿದೆ. ಬೆಳಗಿನ ಮಂಜಿನಲ್ಲಿ ಅಂಗಳದಲ್ಲಿಟ್ಟು ನೋಡಿದೆ. ಸದ್ದಿಲ್ಲ. ಹೇಳಬೇಕು, ಹೇಳಿಯೇ ಬಿಡುತ್ತೇನೆ ಎಂದುಕೊಂಡು ಸೆಟ್ಟು ಹೊತ್ತು ಶಿರಹಟ್ಟಿಗೆ ಹೋದೆ.

ಅಂದು ಅವರ ಮನೆಯಲ್ಲಿ ಚರ್ಚಿನವರು ಕೆಲವರು ಸೇರಿದ್ದರು. ಮಾಸ್ತರು ಗಿಟಾರಿನ ವಾಯರು ಚುಚ್ಚಿ ಮೀಟಿದರು. ತಿಳಿ ದನಿ ಬಂತು. ಅವರು ಕಣ್ಣು ಮುಚ್ಚಿಕೊಂಡರು, ನಂತರ ಎಲ್ಲರ ಕಡೆ ತಿರುಗಿ, "ಇದಕ್ಕ ಮದ್ದ ಇವರ ಕಡೆ, ರೋಗ ನಮ್ಮ ಸಿಸ್ಟರ್ ಕಡೆ. ಹಸಿ ಅರಿವೀಲೆ ಒರಸಿ ಸ್ನಾನಾ ಮಾಡಿಸಿ ಬಿಟ್ಟಿದ್ದಳು" ಎಂದರು. ಎಲ್ಲರೂ ನಕ್ಕರು.

ನಾನೂ ನಕ್ಕೆ. ಇದನ್ನು ಬರೆಯುವಾಗಲೂ ಕೈ ನಿಲ್ಲುತ್ತದೆ. ವಿಭೂತಿ ಹಚ್ಚಿದ್ದು ತಿಳಿಯದೆ ಆದದ್ದು, ಗದರಿದ್ದು ಸೊಕ್ಕಿನಿಂದ. ನಕ್ಕದ್ದು ಮಾತ್ರ ಎಲ್ಲ ಗೊತ್ತಿದ್ದೂ.

ಕೈ ತೊಳೆಯುವ ನೆವದಲ್ಲಿ ಹಿತ್ತಲಿಗೆ ಎದ್ದು ಹೋದೆ. ಸಿಸ್ಟರ್ ಬಂದು ತಂಬಿಗೆಯಿಂದ ನೀರು ಹಾಕಿದರು. ತಲೆ ಎತ್ತದೆ, ಕೈಯ ಮೇಲೆ ಬೀಳುವ ನೀರನ್ನೇ ನೋಡುತ್ತ ಹೇಳಿದೆ.

"ಸಿಸ್ಟರ, ತಪ್ಪು ನಿಮ್ಮದಲ್ಲರಿ, ನಂದು. ಹಬ್ಬಕ್ಕ ನಾ ಸೆಟ್ಟಿನ ಮ್ಯಾಲೆ ವಿಭೂತಿ ಹಚ್ಚಿದ್ದೆ. ಅದ ಒಳಗ ಇಳದೈತಿ."

ಅವರು ನೀರು ಹಾಕುವುದನ್ನು ನಿಲ್ಲಿಸಲಿಲ್ಲ.

"ಹಚ್ಚಿದ್ದು ಗೊತ್ತಿತ್ರಿ. ಇವರು ಸೆಟ್ ತಂದ ದಿನಾ ಚಾದರ ಬಿಚ್ಚಿದಾಕಿ ನಾನ. ಹೂವು ಬಾಡಿತ್ತು, ಕುಂಕುಮ ಇತ್ತು. ಅದನ್ನ ಒರಸಾಕನ ಹಸಿ ಅರಿವಿ ತಗೊಂಡೆ. ಒಣ ಅರಿವಿಗೆ ಹೋಗಲಿಲ್ಲ. ಒಳಗ ಇಳದಿದ್ದು ನನ್ನ ನೀರಲೆ ಅಂತನ ತಿಳಕೊಂಡಿದ್ದೆ."

"ಹಂಗಾದ್ರ ಅವತ್ತ ಯಾಕ ಧೂಳ ಅಂದ್ರಿ?"

"ಚರ್ಚಿಗೆ ಬರೂ ಮಂದಿ ಒಬ್ಬೊಬ್ಬರು ಒಂದೊಂದ ನಮೂನಿ ಇರತಾರ್ರಿ. ನೋಡಿದ್ರ ಏನರ ಅಂದಾರು. ನೀವು ಛಲೋ ಮನಸ್ಸಿಲೆ ಹಚ್ಚಿದ್ದು, ಅದರ ಮ್ಯಾಲೆ ಮಾತ ಯಾಕ ಅಂತ." ತಂಬಿಗೆ ಕೆಳಗಿಟ್ಟು ಟವೆಲ್ಲು ಕೊಟ್ಟರು. "ಇವರಿಗೂ ಹೇಳಬ್ಯಾಡ್ರಿ. ಸಿಟ್ಟಿನ ಮನಷಾರು, ಊರ ತುಂಬಾ ಹೇಳಕೋಂತ ಅಡ್ಡಾಡತಾರ. ನನಗೇನು, ಹಿಂದ ಕುಂತ್ರೂ ಹಾಡ ಕೇಳತಾವು."

ನನ್ನ ಹೆಸರು ಕೆಡದಿರಲೆಂದು ಅವರು ಸುಳ್ಳು ಹೇಳಿದ್ದರು. ಆ ಸುಳ್ಳನ್ನೇ ಹಿಡಿದು ನಾನು ಅವರಿಗೆ ಬುದ್ಧಿ ಹೇಳಿದ್ದೆ. ಈಗ ಮಾಸ್ತರಿಗೆ ಹೇಳಬೇಡಿ ಎಂದಾಗ ನನಗಾದದ್ದು ದುಃಖವಲ್ಲ. ಹೆಗಲ ಮೇಲಿನ ಮೂಟೆ ಇಳಿದಂಥ ಸಮಾಧಾನ. ಅವರೇ ಬೇಡ ಎಂದ ಮೇಲೆ ನಾನೇನು ಮಾಡಲಿ ಎಂದು ಮನಸ್ಸಿಗೆ ಹೇಳಿಕೊಂಡು ಒಳಗೆ ಹೋಗಿ ಕೂತೆ, ಉಪ್ಪಿಟ್ಟು ತಿಂದೆ, ಬಸ್ಸು ಹತ್ತಿದೆ.

ಅಲ್ಲಿಂದ ಮುಂದೆ ಗಿರಾಕಿಗಳನ್ನು ಬೈಯುವುದು ಕಡಿಮೆಯಾಯಿತು. ಒಳ್ಳೆಯವನಾದೆ ಎಂದಲ್ಲ. ಬೈಯಲು ಬಾಯಿ ತೆರೆದರೆ ಹತ್ತಿಯ ಕೆಂಪು ನೆನಪಾಗಿ ಮಾತು ಅಲ್ಲೇ ನಿಲ್ಲುತ್ತಿತ್ತು. ಮಾಸ್ತರು ಆಗಾಗ ಫೋನು ಮಾಡಿ, ಸೆಟ್ಟು ಚೆನ್ನಾಗಿದೆ, ಆದರೆ ಬಾರಿಸುತ್ತ ತಾವೇ ಬಗ್ಗಿ ಬಟನ್ನು ತಿರುಗಿಸುವುದರಲ್ಲಿ ತಾಳ ತಪ್ಪುತ್ತದೆ ಎಂದು ನಗುತ್ತಿದ್ದರು. ಹೌದ್ರಿ, ಹೌದ್ರಿ ಅನ್ನುತ್ತಿದ್ದೆ.

ಮತ್ತೆ ದಸರೆ ಹತ್ತಿರ ಬಂದಾಗ ಮಾಸ್ತರು ಒಬ್ಬರೇ ಸೆಟ್ಟು ತಂದರು. ಕೆಟ್ಟದ್ದೇನೂ ಇರಲಿಲ್ಲ. ಚಳಿಗಾಲಕ್ಕೆ ಮುಂಚೆ ಒಮ್ಮೆ ನೋಡಿಡಿ ಎಂದರು.

"ಹಬ್ಬ ಮುಗಿಯೂತನ ಅಲ್ಲೇ ಇರಲಿ ಅಂತ ಅಕಿನ ಹೇಳಿ ಕಳಿಸ್ಯಾಳ" ಎಂದು ಟೇಬಲ್ಲಿನ ಮೇಲೆ ಇಟ್ಟರು.

ಸೆಟ್ಟಿಗೆ ಸಿಸ್ಟರ್ ಹೊಸ ಕವರು ಹೊಲಿದಿದ್ದರು. ನೀಲಿ ದಪ್ಪ ಬಟ್ಟೆ, ಅಂಚಿಗೆಲ್ಲ ಚೊಕ್ಕ ಹೊಲಿಗೆ. ನೆತ್ತಿಯ ಕಡೆ ಒಳಗಿನಿಂದ ನೀರು ಇಳಿಯದಂತೆ ಪ್ಲಾಸ್ಟಿಕ್ಕು ಕೊಟ್ಟಿದ್ದರು. ಹೊರಗೆ, ಸರಿಯಾಗಿ ಬಟನ್ನುಗಳ ಸಾಲಿನ ಮೇಲೆ ಬರುವ ಕಡೆ, ಒಂದು ಅಂಗೈ ಅಗಲ ಬಿಳಿ ಅರಿವೆಯ ತುಂಡು ಹಚ್ಚಿ ಹೊಲಿದಿದ್ದರು.

"ಅಂತೂ ಬುದ್ಧಿ ಬಂತು ನೋಡ್ರಿ ಅಕಿಗೆ" ಎಂದರು ಮಾಸ್ತರು. "ಆದ್ರ ಈ ಬಿಳೆ ತುಂಡ ಯಾಕ ಅಂತ ಕೇಳಿದ್ರ ಹೇಳಲಿಲ್ಲ. ಅಂಗಡಿಯವರಿಗೆ ತಿಳಿತೈತಿ ಅಂದ್ಲು. ನಿಮಗ ತಿಳಿತೇನು?"

ತಿಳಿಯಿತು. ಹಬ್ಬದ ದಿನ ನಾನು ಹಚ್ಚಲೆಂದು ಮಾಡಿದ ಜಾಗ ಅದು. ಮೂರು ಬೆರಳಿಗೆ ಸರಿಯಾಗುವಷ್ಟು.

ಕುಡಿಯಲು ನೀರು ತೆಗೆದುಕೊಂಡು, ಕುಡಿಯದೆ ಹಾಗೇ ಇಟ್ಟೆ.

"ಬುದ್ಧಿ ಬರಬೇಕಾಗಿದ್ದು ಅವರಿಗಲ್ಲರಿ, ಮಾಸ್ತರ. ನನಗ" ಎಂದೆ.

ಎಲ್ಲವನ್ನೂ ಹೇಳಿದೆ. ವಿಭೂತಿ, ಹತ್ತಿ, ಸಿಸ್ಟರ್ ಧೂಳು ಎಂದದ್ದು ಯಾಕೆ, ಹಿತ್ತಲಿನಲ್ಲಿ ಅವರು ಅಂದದ್ದು. ಅವರ ಮನೆಯಲ್ಲಿ ಎಲ್ಲರೂ ನಕ್ಕಾಗ ಗೊತ್ತಿದ್ದೂ ನಾನು ನಕ್ಕದ್ದನ್ನೂ ಬಿಡಲಿಲ್ಲ. ಮಾಸ್ತರು ಬೈಯಬಹುದು ಎಂದು ಕಾದೆ, ಬೈದರೆ ಸಾಕಪ್ಪ ಅನ್ನಿಸಿತ್ತು.

ಅವರು ಬೈಯಲಿಲ್ಲ. ಆ ಬಿಳಿ ತುಂಡಿನ ಮೇಲೆ ಅಂಗೈ ಇಟ್ಟರು. ಪಕ್ಕದ ಓಣಿಯಲ್ಲಿ ಮಗ್ಗ ಆಡುತ್ತಿತ್ತು. ಆಮೇಲೆ ಜೇಬಿನಿಂದ ಫೋನು ತೆಗೆದು ಮನೆಗೆ ಹಚ್ಚಿದರು. ಆ ಕಡೆಯಿಂದ ಸಿಸ್ಟರ್ ದನಿ ನನಗೂ ಕೇಳಿಸಿತು.

"ಮುಟ್ಟಿದ್ರೇನು? ಸೆಟ್ ಕೊಟ್ಟಿರೇನು?"

ಮಾಸ್ತರು ಬಿಳಿ ತುಂಡಿನ ಹೊಲಿಗೆಯ ಮೇಲೆ ಬೆರಳಾಡಿಸಿದರು.

"ಊಟ ಆತೇನು ನಿಂದು?" ಎಂದರು.

"ಈಗ ಎಲ್ಲಿ ಊಟಾರಿ, ಇನ್ನೂ ಹನ್ನೊಂದ ಹೊಡದಿಲ್ಲ. ಯಾಕ, ಏನಾತು?"

ಅವರು ಫೋನನ್ನು ಕಿವಿಗೆ ಹಿಡಿದುಕೊಂಡೇ ನನ್ನ ಕಡೆ ನೋಡಿದರು. ನಾನು ನೆಲ ನೋಡುತ್ತಿದ್ದೆ.